ಅಪ್ಪನ ಹೆಸರಿನವನು

ಯೀ-ರು ಮಾಡುವ ಕೆಲಸಕ್ಕೆ ಸೋಷಿಯಲ್ ಮೀಡಿಯಾ ಸಲಹೆಗಾರ್ತಿ ಅಂತ ಹೆಸರಂತೆ. ಬಾಯಿಲ್ಲದ ಅಂಗಡಿಗಳಿಗೆ ಬಾಯಿ ಕೊಡುವುದು, ಅಷ್ಟೇ. ನಮ್ಮ ಶೀಲ್ವೋ ಊರಿನ ಸೋಯಾ ಸಾಸ್ ಅಂಗಡಿ ಫೋನಿನಲ್ಲಿ ಅಜ್ಜಿಯ ಹಾಗೆ ಗದರುತ್ತದೆ, ಹಲ್ಲಿನ ಡಾಕ್ಟರು ಪೋಲಿ ಹುಡುಗನ ಹಾಗೆ ತಮಾಷೆ ಮಾಡುತ್ತಾನೆ. ಎಲ್ಲ ಬರೆಯುವುದು ಇವಳೇ. ತನ್ನ ಪರಿಚಯದಲ್ಲಿ 'ಹಿನ್ನೆಲೆ: ಕೈಬೊಂಬೆಯಾಟದ ಮನೆತನ. ಆಸಕ್ತಿ: ಬೇರೆಯವರ ದನಿ' ಎಂದು ಬರೆದುಕೊಂಡಿದ್ದಾಳೆ. ಸುಳ್ಳೇನಲ್ಲ. ಅವಳಪ್ಪ ಲಿಯಾವ್ ಚಿನ್-ಷಾನ್ ಪರದೆಯ ಹಿಂದೆ ಕೂತು ಸೇನಾಪತಿ, ಸೊಸೆ, ರಾಕ್ಷಸ ಎಲ್ಲರಿಗೂ ಒಬ್ಬನೇ ದನಿಯಾದವನು. ಅವನ ಪಕ್ಕದಲ್ಲಿ ಜಾಗಟೆ ಹೊಡೆದುಕೊಂಡೇ ನಾನು ಮುದುಕನಾದೆ.

ನಮ್ಮ ಆಟಕ್ಕೆ ಜನ ಬರುವುದು ನಿಂತು ಯಾವ ಕಾಲವಾಯಿತೋ. ಹರಕೆ ಹೊತ್ತವರು ಆಟಕ್ಕೆ ದುಡ್ಡು ಕಟ್ಟಿ ಮನೆಗೆ ಹೋಗಿಬಿಡುತ್ತಾರೆ. ಖಾಲಿ ಕುರ್ಚಿಗಳ ಆಚೆ, ಗುಡಿಯೊಳಗಿನ ಭೂಮಿತಾತನಿಗೆ ನಾವು ಆಡಬೇಕು. ದೇವರು ನೋಡಿದರೆ ಸಾಕು, ಅದೇ ಪದ್ಧತಿ. ಚಿನ್-ಷಾನ್ ಬಾಯಲ್ಲಿ ಹಾಗಂತಿದ್ದ, ಆದರೆ ಪರದೆಯ ಸಂದಿನಿಂದ ಇಣುಕುವುದನ್ನು ಬಿಟ್ಟಿರಲಿಲ್ಲ. ಒಬ್ಬನಾದರೂ ಕೂತಿರಲಿ ಅನ್ನುವ ಆಸೆ.

ಮಗಳಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಫೋನಿನಲ್ಲಿ ಅಪ್ಪನ ಹೆಸರಲ್ಲೇ ಒಂದು ಪೇಜು ತೆರೆದು ತಾನೇ ಬರೆಯತೊಡಗಿದಳು. ಅಲ್ಲಿನ ಲಿಯಾವ್ ಬಲು ಚುರುಕು. ತನ್ನ ಮೊಣಕಾಲು ನೋವನ್ನೇ ಗೇಲಿ ಮಾಡುತ್ತಾನೆ, ಬೊಂಬೆಗಳ ಜಗಳ ಬಿಡಿಸುತ್ತಾನೆ, ಪ್ರೀತಿ ಮುರಿದುಬಿದ್ದ ಹುಡುಗಿಯರಿಗೆ ಬುದ್ಧಿ ಹೇಳುತ್ತಾನೆ. ಜನ ಮರುಳಾದರು. ಭೂಮಿತಾತನ ಹುಟ್ಟುಹಬ್ಬಕ್ಕೆ ತೈಪೆಯಿಂದೆಲ್ಲ ಬಂದು, ಕುರ್ಚಿ ಸಾಲದೆ ಸ್ಕೂಟರ್ ಮೇಲೆ ಕೂತರು. ಇಣುಕಿ ನೋಡಿದ ಚಿನ್-ಷಾನ್‌ಗೆ ಕಣ್ಣು ತುಂಬಿ ಬಂತು.

ಜೀವ ಹಿಂಡಿ ಆಡಿದ, ಪಾಪ. ಹಳೇ ಕಥೆ, ಹಳೇ ಮಾತು. ನೋಡನೋಡುತ್ತ ಜನ ಫೋನು ಹಿಡಿದರು, ಸ್ಕೂಟರುಗಳು ಒಂದೊಂದೇ ಹೊರಟವು. ಆಟ ಮುಗಿದ ಮೇಲೆ ಒಬ್ಬ ಹುಡುಗಿ ಪರದೆಯ ಹಿಂದೆ ಬಂದಳು.

"ತಾತಾ, ಪೇಜಲ್ಲಿ ಹೇಳ್ತೀರಲ್ಲ, ಹಂಗೆ ಏನಾದ್ರೂ ಹೇಳಿ."

ಇವನು ಕೈಯಲ್ಲಿದ್ದ ಬೊಂಬೆಯನ್ನು ಅವಳ ಮುಂದೆ ಹಿಡಿದ. ಅವಳು ಸ್ವಲ್ಪ ಕಾದು, ಬೊಂಬೆಯ ಜೊತೆ ಫೋಟೋ ತೆಗೆಸಿಕೊಂಡು ಹೋದಳು.

ಮಾರನೆಯ ದಿನ ಮಗಳನ್ನು ಕೂರಿಸಿಕೊಂಡು ಇಡೀ ಪೇಜು ಓದಿಸಿದ. ನಾನೂ ಅಲ್ಲೇ ಇದ್ದೆ. ನಾಲ್ಕಾರು ಕಡೆ ನಕ್ಕ ಕೂಡ.

"ಜಾಣ ಕಣಮ್ಮ ಇವನು," ಅಂದ. "ಜನ ಇವನನ್ನ ನೋಡೋಕೆ ಬಂದಿದ್ರು. ಮಧ್ಯ ನಾನು ಅಡ್ಡ ಬಂದೆ."

ಯೀ-ರು ಅತ್ತಳು, ಈಗಲೇ ಮುಚ್ಚಿಬಿಡುತ್ತೇನೆ ಅಂದಳು. ಅವನು ಒಪ್ಪಲಿಲ್ಲ. ತನ್ನದಂತೂ ಮುಗಿಯಿತು, ಪೇಜಿನವನಾದರೂ ಬದುಕಿಕೊಳ್ಳಲಿ ಅಂದ. ಬೊಂಬೆಗಳನ್ನು ಪೆಟ್ಟಿಗೆಗೆ ತುಂಬಿದ. ದೇವರಿಗಾದರೂ ಆಡೋ ಮಾರಾಯ ಎಂದು ಬೈದೆ. ಭೂಮಿತಾತನೂ ಈಗ ಪೇಜೇ ನೋಡುತ್ತಿರಬೇಕು ಅಂದುಬಿಟ್ಟ.

ಮೊನ್ನೆ ಊಟಕ್ಕೆ ಕೂತಾಗ ಯೀ-ರು ಮೆಲ್ಲಗೆ, ಮುಂದಿನ ಆಟ ಯಾವಾಗ ಅಂತ ತುಂಬ ಜನ ಕೇಳುತ್ತಿದ್ದಾರೆ, ಏನು ಹೇಳಲಿ ಅಪ್ಪಾ ಅಂದಳು.

"ನನ್ನನ್ನ ಯಾಕೆ ಕೇಳ್ತೀಯ?" ಅಂದ ಚಿನ್-ಷಾನ್, ಅನ್ನದಿಂದ ತಲೆ ಎತ್ತದೆ. "ಅವನನ್ನ ಕೇಳು."

ಅವಳು ಫೋನು ಹಿಡಿದು ಕೂತೇ ಇದ್ದಳು. ಊರಿಗೆಲ್ಲ ಬಾಯಿ ಕೊಟ್ಟವಳಿಗೆ ಅಷ್ಟು ಚಿಕ್ಕ ಉತ್ತರ ಬರೆಯಲಾಗಲಿಲ್ಲ.