ಪಾಲಣ್ಣನವರ ಕಂಬಳಿಯ ಮೂಲೆ

ಯಲ್ಲದಕೆರೆ ಕಡೆಯ ಹಟ್ಟಿಯೊಂದರ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಕಳೆದ ಡಿಸೆಂಬರಿನಲ್ಲಿ ಐದನೇ ತರಗತಿಗೆ ಅಮೆರಿಕದ ಕಪ್ಪು ಹೆಂಗಸರ ಕೌದಿಗಳ ಚಿತ್ರ ತೋರಿಸಿದೆ. ಅವರ ಹಿರಿಯರನ್ನು ಗುಲಾಮರನ್ನಾಗಿ ಮಾಡಿ ಹತ್ತಿ ಹೊಲಗಳಲ್ಲಿ ದುಡಿಸಿದ್ದರು. ಮುಂದೆ ಆ ಮನೆಗಳ ಹೆಂಗಸರು ಹೊಲದಲ್ಲಿ ತೊಟ್ಟು ಸವೆದ ಅಂಗಿಗಳನ್ನೇ ಹರಿದು, ತಮ್ಮ ಕಣ್ಣಿಗೆ ಒಪ್ಪಿದಂತೆ ಜೋಡಿಸಿ ಹೊಲಿದರು ಎಂದು ಹೇಳಿದೆ. ನಾವೂ ಒಂದು ಹೊಲಿಯೋಣ, ಮನೆಯಲ್ಲಿ ದುಡಿದ ಬಟ್ಟೆಯ ತುಂಡು ತನ್ನಿ ಎಂದೆ. ಬೇಡವಾದದ್ದನ್ನು ತನ್ನಿ, ಹಿರಿಯರನ್ನು ಕೇಳಿ ತನ್ನಿ ಎನ್ನಲು ಮರೆತೆ.

ಕಾವ್ಯಶ್ರೀ ಅಂಗೈಯಗಲದ ಕರಿ ಕಂಬಳಿ ತುಂಡು ತಂದಳು. ಹರಿದುಹೋದದ್ದಿರಬೇಕೆಂದು ಅದನ್ನು ಕೌದಿಯ ನಟ್ಟನಡುವೆ ಇಟ್ಟು ಹೊಲಿದೆವು.

ಶನಿವಾರ ಕುರಿ ಕಾಯುವ ಅವಳ ತಾತ ಪಾಲಣ್ಣ ಶಾಲೆಗೆ ಬಂದರು. ಹೆಗಲ ಮೇಲಿನ ಕಂಬಳಿಗೆ ಒಂದು ಮೂಲೆಯೇ ಇರಲಿಲ್ಲ, ಎಳೆಗಳು ಜೋತಾಡುತ್ತಿದ್ದವು. ಮನೆಯಲ್ಲಿ ದೇವರ ಗದ್ದಿಗೆಗೆ ಹಾಸುವುದೂ ಅದನ್ನೇ ಎಂದು ಮಕ್ಕಳು ಪಿಸುಗುಟ್ಟಿದರು. ಯಾಕೆ ಕತ್ತರಿಸಿದೆ ಎಂದು ಕಾವ್ಯಶ್ರೀಯನ್ನು ಕೇಳಿದೆ.

“ನೀವೇ ಹೇಳಿದ್ರಲ್ಲ ಮಿಸ್. ನಮ್ಮನೇಲಿ ಇದರಷ್ಟು ದುಡಿದಿರೋದು ಇನ್ಯಾವುದೈತೆ?”

ತಪ್ಪು ನನ್ನದು ಎಂದು ಪಾಲಣ್ಣನವರಿಗೆ ಹೇಳಿ, ತುಂಡನ್ನು ಬಿಚ್ಚಿಕೊಡಲು ಕತ್ತರಿ ತೆಗೆದೆ. ಅವರು ಬೇಡವೆಂದು ಕೈಯಾಡಿಸಿ, ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತರು. ಮೊಮ್ಮಗಳು ಹೇಳಿದ್ದ ಅಮೆರಿಕದ ಆ ಹೆಂಗಸರು ಕುರಿ ಸಾಕಿದ್ದರೇ ಎಂದು ವಿಚಾರಿಸಿದರು. ಇಲ್ಲ, ಹತ್ತಿ ಬಿಡಿಸುತ್ತಿದ್ದರು ಎಂದೆ.

“ಹತ್ತಿ ಹೊಲಿದಂಗೆ ಉಣ್ಣೆ ಹೊಲಿದೀರಿ ಮೇಡಮ್ಮ. ಒಂದು ಸಲ ನೆಂದ್ರೆ ಉಣ್ಣೆ ಎಲ್ಲಾನೂ ಸೆಳ್ಕಂತೈತೆ. ಸಡಿಲ ಬಿಡ್ರಿ.”

ಗದ್ದಿಗೆಗೆ ಏನು ಮಾಡುತ್ತೀರಿ ಎಂದು ಕೇಳಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಆದರೂ ಕೇಳಿದೆ. ಕತ್ತರಿ ಬಿದ್ದದ್ದು ಇನ್ನು ಗದ್ದಿಗೆಗೆ ಆಗುವುದಿಲ್ಲ, ಮಗನ ಕಂಬಳಿ ಹಾಸುತ್ತೇವೆ ಎಂದು ಅವರು ಮೆಲ್ಲಗೆ ಹೇಳಿದರು. ಆಮೇಲೆ ಮೊಮ್ಮಗಳತ್ತ ನೋಡಿ, “ಇದು ನನ್ನ ಹೆಗಲಿಗೆ ಸಾಕು. ಮೂಲೇಲಿ ಗಾಳಿ ನುಗ್ತೈತೆ, ನಿಮ್ಮದೂ ಒಂದು ತುಂಡು ಹಾಕಿಕೊಡ್ರಿ” ಎಂದರು.

ಮಕ್ಕಳು ಉಳಿದ ತುಂಡುಗಳನ್ನೆಲ್ಲ ಅವರ ಮುಂದೆ ಸುರಿದರು. ಹಳದಿ ಹೂವಿನ ಸೀರೆಯ ತುಂಡೊಂದನ್ನು ಅವರೇ ಆರಿಸಿದರು. ಕಾವ್ಯಶ್ರೀ ಒಂದು ಬದಿ ಹೊಲಿದಳು, ನಾನು ಇನ್ನೊಂದು ಬದಿ. ಅವರು ಹೇಳಿಕೊಟ್ಟಂತೆ ಸಡಿಲವಾಗಿಯೇ ಹೊಲಿದೆ. ಸರಿಯಾಯಿತೇ ಎಂದು ಮೂರು ಸಲ ಎಳೆದು ನೋಡಿದೆ.

ಪಾಲಣ್ಣ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು. “ಕುರಿಗಳು ನನ್ನ ಗುರುತು ಹಿಡೀಲಿಲ್ಲ ಅಂದ್ರೆ ನೀವೇ ಬಂದು ಅವಕ್ಕೆ ಹೇಳ್ಬೇಕು, ಮೇಡಮ್ಮ.”

ಮಕ್ಕಳು ನಕ್ಕರು. ನಾನು ಕೈ ಮುಗಿದೆ. ಅವರು ಹಟ್ಟಿಯ ತಿರುವು ದಾಟುವವರೆಗೂ ಕೈ ಇಳಿಸಲಿಲ್ಲ.