ಉಗುರು ಟೀಚರ್

ಟೈಲರ್ ಮಾಸ್ಟರ್ ಸತ್ತು ಬಿದ್ದಿದ್ದನ್ನು ಮೊದಲು ಕಂಡವನು ನನ್ನಣ್ಣ. ಬೆಳಿಗ್ಗೆ ಕೆಲಸಕ್ಕೆ ಹೋದಾಗ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಅಣ್ಣ ಮಷೀನಿನಲ್ಲಿ ಹೊಲಿಯುವವನು, ನಾನು ಅದೇ ಅಂಗಡಿಯಲ್ಲಿ ಕಾಜಾ ತೆಗೆದು ಗುಂಡಿ ಹಾಕುವವಳು. ಅವನ ಹಿಂದೆಯೇ ಒಳಗೆ ಹೋದೆ.

ಕಟಿಂಗ್ ಮೇಜಿನ ಕೆಳಗೆ ಮಾಸ್ಟರ್ ಮಗ್ಗುಲಾಗಿ ಬಿದ್ದಿದ್ದರು. ಸಾಣೆಗೆ ಕೊಡಲೆಂದು ತಿರುಪು ಬಿಚ್ಚಿಟ್ಟಿದ್ದ ದೊಡ್ಡ ಕತ್ತರಿಯ ಒಂದು ಅಲಗು ಕುತ್ತಿಗೆಯ ಬುಡದಲ್ಲಿ ಇಳಿದಿತ್ತು. ಎದೆಯ ಮೇಲೂ ಇರಿತಗಳಿದ್ದವು. ಅಲಗು ಎಲುಬಿಗೆ ತಗುಲಿ ಜಾರಿ ಚರ್ಮವನ್ನು ಸುಲಿದಿತ್ತು. ಅಣ್ಣ ಅವರನ್ನು ಎತ್ತಲು ಹೋಗಿ ಮೊಣಕೈವರೆಗೆ ರಕ್ತ ಮಾಡಿಕೊಂಡ. ನಲ್ಲಿಯ ಹತ್ತಿರ ನಾನೇ ಚೊಂಬಿನಿಂದ ನೀರು ಹೊಯ್ದೆ. ಅಷ್ಟರಲ್ಲಿ ಬೀದಿಯೆಲ್ಲ ಸೇರಿತ್ತು.

ಮೊನ್ನೆಯಷ್ಟೇ ಕೂಲಿಯ ಜಗಳದಲ್ಲಿ ಅಣ್ಣ ಎಲ್ಲರೆದುರು, "ನಿಮ್ ಕತ್ತರೀಲೇ ನಿಮ್ಮನ್ನ ಕೊಯ್ತೀನಿ" ಎಂದು ಮಾಸ್ಟರ್ ಮೇಲೆ ಕೂಗಾಡಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು. ನಾನೂ ಅಮ್ಮನೂ ಠಾಣೆಯ ಹೊರಗೆ ನಿಂತಿದ್ದಾಗ, "ಒಪ್ಕೊಳ್ಳೋ" ಎನ್ನುವ ದನಿ, ಆಮೇಲೆ ಏಟು, ಆಮೇಲೆ ಅಣ್ಣನ ಕೂಗು ಕೇಳಿಸುತ್ತಿತ್ತು. ಸಂಜೆಯೊಳಗೆ ಒಪ್ಪಿಕೊಂಡುಬಿಡುತ್ತಾನೆ ಎಂದು ನನಗೆ ಗೊತ್ತಾಯಿತು. ನಾನಾಗಿದ್ದರೆ ಆಗಲೇ ಒಪ್ಪಿಕೊಳ್ಳುತ್ತಿದ್ದೆ.

ನಾನು ಟೀಚರ್ ಮನೆಗೆ ಓಡಿದೆ. ನಮ್ಮ ಬೀದಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಅವರ ಕೈಕೆಳಗೆ ಕಲಿತವರು, ಇಲ್ಲವೇ ನನ್ನ ಹಾಗೆ ಕಲಿಯುವುದನ್ನು ಬಿಟ್ಟವರು. ಸೋಮವಾರ ಬಂತೆಂದರೆ ಉಗುರು ತಪಾಸಣೆ. "ಉಗುರು!" ಎಂದರೆ ಕೈ ಮುಂದಕ್ಕೆ ಚಾಚಬೇಕು, "ತಿರುಗಿಸಿ!" ಎಂದರೆ ಅಂಗೈ ಮೇಲಾಗಬೇಕು. ಕೊಳೆ ಕಂಡರೆ ಅಡಿಪಟ್ಟಿಯ ಅಂಚು ಗೆಣ್ಣಿನ ಮೇಲೆ. ಮಕ್ಕಳ ತಂದೆಯಾದವರೂ ಉಗುರು ಟೀಚರ್ ಎದುರಿಗೆ ಬಂದರೆ ಕೈ ಜೇಬಿಗೆ ಇಳಿಸುತ್ತಿದ್ದರು.

"ಟೀಚರ್!" ಎಂದು ಬಾಗಿಲಲ್ಲೇ ಕೂಗಿದೆ. "ಏನೇ ಮೂಗಿ, ಕೊನೆಗೂ ಮಾತು ಬಂತಾ?" ಎಂದರು.

"ಅಣ್ಣನ್ನ ಸಾಯಿಸಿಬಿಡ್ತಾರೆ ಟೀಚರ್."

"ಅಳಬೇಡ. ನೋಡಿದ್ದು ಹೇಳು. ಕ್ಲಾಸಲ್ಲಿ ಬಾಯಿ ಬಿಡದಿದ್ರೂ ಕಣ್ಣು ಬಿಟ್ಕೊಂಡೇ ಕೂತಿರ್ತಿದ್ದೆ ನೀನು."

ಕತ್ತರಿಯ ಅಲಗು ಹೇಳಿದೆ, ಎಲುಬಿಗೆ ಜಾರಿದ ಗಾಯ ಹೇಳಿದೆ. ಲೈನಿಂಗ್ ಬಟ್ಟೆಯ ಸುರುಳಿಯಿಂದ ಯಾರೋ ಒಂದು ಪಟ್ಟಿ ಕಿತ್ತಿದ್ದರು ಎಂದೂ ಹೇಳಿದೆ.

"ಕತ್ತರಿಸಿದ್ದಾ, ಹರಿದದ್ದಾ?"

"ಹರಿದದ್ದು. ತುದೀಲಿ ಹಲ್ಲಿನ ಗುರುತಿತ್ತು."

"ಅಷ್ಟೊಂದು ಕತ್ತರಿ ಇರೋ ಅಂಗಡೀಲಿ ಹಲ್ಲಲ್ಲಿ ಬಟ್ಟೆ ಹರಿಯೋನು ಯಾರೇ? ಒಂದು ಕೈ ಆಗದೋನು. ಒಂಟಿ ಅಲಗು ಎಲುಬಿಗೆ ಬಡಿದರೆ ಹಿಡಿದ ಕೈ ಹರಿತದ ಮೇಲಕ್ಕೇ ಜಾರತ್ತೆ. ಚುಚ್ಚಿದೋನ ಅಂಗೈನೂ ಸೀಳಿರತ್ತೆ. ನಿಮ್ಮಣ್ಣನ ಕೈ?"

"ನಾನೇ ನೀರು ಹೊಯ್ದೆ. ಒಂದು ಗೀರೂ ಇರಲಿಲ್ಲ."

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಠಾಣೆಯಲ್ಲಿ ಅಧಿಕಾರಿ, "ಪಾಠ ಸ್ಕೂಲಲ್ಲಿ ಮಾಡಿ ಟೀಚರಮ್ಮ" ಎಂದು ನಕ್ಕ. ಆದರೂ ಅವರ ಹಳೆಯ ವಿದ್ಯಾರ್ಥಿಯಾಗಿದ್ದ ಒಬ್ಬ ಪೇದೆಯನ್ನು ಜೊತೆಗೆ ಕಳಿಸಿದ.

ಅಂಗಡಿಗೆ ಬಂದುಹೋಗುವವರೆಲ್ಲ ಅಲ್ಲೇ ಸೇರಿರುತ್ತಾರೆಂದು ನಾವು ಮಾಸ್ಟರ್ ಮನೆಗೆ ಹೋದೆವು. ನಡುಕೋಣೆಯಲ್ಲಿ ಆಸ್ಪತ್ರೆಯಿಂದ ಹೆಣ ಬರುವುದನ್ನು ಕಾಯುತ್ತ ಗಂಡಸರು ಕುಳಿತಿದ್ದರು. ಮಾಸ್ಟರ್ ಅವರ ಅಣ್ಣ, ಅಂಗಡಿಯವರು, ಅಕ್ಕಪಕ್ಕದವರು. ಮೂಲೆಯಲ್ಲಿ ಮಾಸ್ಟರ್ ಹೆಂಡತಿಯ ತಮ್ಮ, ಅಂಗಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವನು, ಅಕ್ಕನ ಮಗುವನ್ನು ಎತ್ತಿಕೊಂಡು ನಿಂತಿದ್ದ. ಅವನ ಬಲಗೈ ಮಗುವಿನ ಅಂಗಿಯೊಳಗಿತ್ತು.

ಟೀಚರ್ ಬಾಗಿಲಲ್ಲೇ ನಿಂತು ತರಗತಿಯ ದನಿಯಲ್ಲಿ ಕೂಗಿದರು: "ಉಗುರು!"

ಸಾವಿನ ಮನೆ ಎನ್ನುವುದೂ ಮರೆತು ಅಷ್ಟೂ ಜನ ಎದ್ದು ಕೈ ಚಾಚಿದರು. ಪೇದೆಯೂ ಚಾಚಿದ. ಇಸ್ತ್ರಿಯವನು ಮಗುವನ್ನು ಇಳಿಸಿ ತಾನೂ ಚಾಚಿದ. ಮೇಲೆ ಏನೂ ಕಾಣಲಿಲ್ಲ.

"ತಿರುಗಿಸಿ!"

ಎಲ್ಲ ಅಂಗೈಗಳೂ ಮೇಲಾದವು. ಒಂದು ಜೊತೆ ಮಾತ್ರ ಹಾಗೆಯೇ ಇತ್ತು. ಟೀಚರ್ ಹೋಗಿ ಅವನ ಬಲಗೈ ಹಿಡಿದು ತಿರುಗಿಸಿದರು. ಅಂಗೈಗೂ ನಾಲ್ಕು ಬೆರಳಿಗೂ ಅಡ್ಡಲಾಗಿ ಗಾಯ ಬಾಯಿ ಬಿಟ್ಟಿತ್ತು. ಮಡಿಸಿ ಒತ್ತಿಕೊಂಡಿದ್ದ ಲೈನಿಂಗ್ ಪಟ್ಟಿ ಕಪ್ಪಾಗಿ ಅದಕ್ಕೇ ಅಂಟಿಕೊಂಡಿತ್ತು.

"ಯಾಕೋ?" ಎಂದರು. ದನಿ ಈಗ ತರಗತಿಯದ್ದಾಗಿರಲಿಲ್ಲ.

"ಅಕ್ಕನ ತೋಳಿಗೆ ಭಾವ ಇಸ್ತ್ರಿಪೆಟ್ಟಿಗೆ ಒತ್ತಿದ, ಟೀಚರ್. ನಾನು ಕಾಯಿಸಿಟ್ಟ ಪೆಟ್ಟಿಗೇನೇ."

ಸುಡುಬೇಸಿಗೆಯಲ್ಲೂ ಮಾಸ್ಟರ್ ಹೆಂಡತಿ ನನ್ನ ಕೈಲಿ ರವಿಕೆಗಳಿಗೆಲ್ಲ ಮಣಿಕಟ್ಟಿನವರೆಗೆ ತೋಳು ಹಚ್ಚಿಸಿಕೊಂಡಿದ್ದು ಯಾಕೆಂದು ನನಗೆ ಆಗ ತಿಳಿಯಿತು.

"ನನ್ನಣ್ಣ ನಿಂಗೇನು ಮಾಡಿದ್ದ?" ಎಂದೆ. ಅಷ್ಟು ಜನರ ನಡುವೆ ನಾನು ಮಾತಾಡಿದ್ದು ಅದೇ ಮೊದಲು.

ಅವನು ನನ್ನ ಕಡೆ ತಿರುಗಿದ. ಉತ್ತರ ಹೇಳುವ ಮೊದಲೇ ಮಾಸ್ಟರ್ ಅಣ್ಣ ಕಬ್ಬಿಣದ ಸ್ಟೂಲು ಎತ್ತಿ ಅವನ ಮುಖಕ್ಕೆ ಬೀಸಿದ. ಹಲ್ಲು ಉದುರಿದ ಸದ್ದು ಗೋಡೆಗೆ ಗುಂಡಿ ಎಸೆದ ಹಾಗಿತ್ತು. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ಈಗ ತಾನೇ ಶುದ್ಧವೆಂದು ಚಾಚಿ ತೋರಿಸಿದ್ದ ಕೈಗಳೇ. ಕಣ್ಣಿಗೆ, ಪಕ್ಕೆಗೆ ಗುದ್ದಿದರು, ಆ ಸೀಳಿದ ಅಂಗೈಯನ್ನು ಹುಡುಕಿ ಹುಡುಕಿ ತುಳಿದರು. ಅವನ ಅಕ್ಕ ಒಳಗಿನಿಂದ ಓಡಿ ಬಂದು ಅವನ ಮೇಲೆ ಅಡ್ಡ ಬಿದ್ದಳು. ಅವಳ ಬೆನ್ನಿಗೂ ಒದ್ದರು.

"ಕೈ ಕೆಳಗೆ! ಕೈ ಕೆಳಗೆ ಅಂದೆ!" ಎಂದು ಟೀಚರ್ ಕಿರುಚುತ್ತಿದ್ದರು. ಒಬ್ಬರೂ ಕೇಳಲಿಲ್ಲ. ಯಾರದೋ ಮೊಣಕೈ ಬಡಿದು ಅವರ ತುಟಿ ಒಡೆಯಿತು. ಪೇದೆ ಸೀಟಿ ಊದಿ ಊದಿ, ಕೊನೆಗೆ ಲಾಠಿ ಬೀಸಿ ಬಿಡಿಸಿದ. ಇಸ್ತ್ರಿಯವನನ್ನು ಎತ್ತಿಕೊಂಡು ಹೋಗುವಾಗ ಅವನ ಒಂದು ಕಣ್ಣು ಇರಲಿಲ್ಲ. ಉಸಿರಿತ್ತು.

ಸಂಜೆ ಅಣ್ಣನನ್ನು ಬಿಟ್ಟರು. ಅವನು ಒಪ್ಪಿಕೊಂಡಿರಲಿಲ್ಲ. "ಬದುಕಿ ಬಂದ್ನಲ್ಲ, ಸಾಕು" ಎಂದು ಅಮ್ಮ ಹೇಳಿದ್ದನ್ನೇ ಹೇಳುತ್ತ ಗೋಡೆಯ ಕಡೆ ಮುಖ ಮಾಡಿದ್ದಳು.

ಟೀಚರ್ ಬಂದರು. ಊದಿದ ತುಟಿಗೆ ಸೆರಗು ಒತ್ತಿಕೊಂಡು ಹೊಸಿಲಲ್ಲೇ ನಿಂತರು. ಅವರನ್ನು ಕಂಡ ಅಣ್ಣ ಗೋಡೆ ಹಿಡಿದು ಎದ್ದ. ಯಾರೂ ಹೇಳದಿದ್ದರೂ ಎರಡು ಕೈಗಳನ್ನೂ ಮುಂದಕ್ಕೆ ಚಾಚಿದ. ಠಾಣೆಯಲ್ಲಿ ಬೂಟಿನ ಕೆಳಗೆ ಸಿಕ್ಕಿದ್ದ ಬೆರಳುಗಳು ಒಂದೊಂದು ಒಂದೊಂದು ಕಡೆಗೆ ತಿರುಗಿದ್ದವು. ಅವು ದಾರ ಪೋಣಿಸುವ ಬೆರಳುಗಳು.

"ಇಳಿಸಪ್ಪ," ಎಂದರು ಟೀಚರ್. "ಕೈ ಇಳಿಸು."

ಅವನಿಗೆ ಕೇಳಿಸಲಿಲ್ಲವೋ ಏನೋ. ಅಂಗೈ ಮೇಲೆ ಮಾಡಲು ನೋಡುತ್ತಲೇ ಇದ್ದ. ಬೆರಳುಗಳು ಅವನ ಮಾತು ಕೇಳುತ್ತಿರಲಿಲ್ಲ.