ಹತ್ತಿರದವನು ಎಂಬುದಕ್ಕೆ ಒಂದು ವಾಕ್ಯ

ಪರದೆಯ ಮೇಲೆ ಆ ಸಣ್ಣ ಗೆರೆ ಮಿನುಗುತ್ತದೆ, ಆರುತ್ತದೆ, ಮತ್ತೆ ಮಿನುಗುತ್ತದೆ, ಬರಿ ಬರಿ ಎಂದು ಪೀಡಿಸುತ್ತದೆ, ಏನಂತ ಬರೆಯುವುದು — ಕ್ಲೋಸ್, ವಿಶೇಷಣ, ಮೊಬೈಲಿನೊಳಗೆ ಸೇರಿಸುವ ನಿಘಂಟಿಗೆ ಇಂಗ್ಲಿಷ್ ಪದದ ಒಂದೊಂದು ಅರ್ಥಕ್ಕೂ ಒಂದೊಂದು ಉದಾಹರಣೆ ವಾಕ್ಯ ಬರೆಯುವುದು ಆದರ್ಶನ ಕೆಲಸ, ಅದರೆದುರು ಫಿನ್ನಿಶ್ ಪದ ಕೂರಿಸುವುದು ಪಕ್ಕದ ಮೇಜಿನ ಕಿರ್ಸ್ತಿಯ ಕೆಲಸ, ಬೆಳಗಿನಿಂದ ಸಲೀಸಾಗಿಯೇ ಸಾಗಿತ್ತು, ಒತ್ತೊತ್ತಾದ ನೇಯ್ಗೆಯ ಕ್ಲೋಸ್‌ಗೆ ತಿಹೆಅ, ಕಣ್ಣಿಟ್ಟು ಗಮನಿಸುವ ಕ್ಲೋಸ್‌ಗೆ ತರ್ಕ್ಕ, ಗಾಳಿಯಾಡದ ಸೆಕೆಯ ಕ್ಲೋಸ್‌ಗೆ ಹಿಓಸ್ತವ — ಅದಕ್ಕೆ ಕಿರ್ಸ್ತಿ ನಕ್ಕು ಕಿಟಕಿಯ ಕಡೆ ಕೈ ತೋರಿಸಿದ್ದಳು, ಜುಲೈ ತಿಂಗಳ ದುಬೈಯಲ್ಲಿ ಕೂತು ಇದಕ್ಕೆ ಉದಾಹರಣೆ ಹುಡುಕಬೇಕಾ ನೀನು — ಉಳಿದದ್ದು ಒಂದೇ, ಹತ್ತಿರದ, ಆಪ್ತ, ಲ್ಯಾಹೆಯ್ನೆನ್, ನೆಂಟಸ್ತಿಕೆ ಮಾತ್ರ ಅಲ್ಲ ಆದರ್ಶ, ನಮ್ಮಲ್ಲಿ ಆ ಪದ ಅಂದರೆ ನಮಗೆ ಬೇಕಾದವರು, ಇಲ್ಲದಿದ್ದರೆ ನಮಗೆ ನಡೆಯದವರು ಎಂದಿದ್ದಳು ಕಿರ್ಸ್ತಿ, ಸುಲಭದ್ದಲ್ಲವಾ, ಶಾಲೆಯ ಮಕ್ಕಳೂ ಬರೆದಾರು, ಅವನು ನನ್ನ ಹತ್ತಿರದ ನೆಂಟ, ಬರೆದ, ಅಳಿಸಿದ, ಕೀಲಿಮಣೆ ಮುಟ್ಟಲೂ ನಾಚಿಕೆಯಾಗುತ್ತದೆ.

ನೆಂಟ ಯಾಕೆ, ಅಣ್ಣ, ದೊಡ್ಡಮ್ಮನ ಮಗ ಸಿದ್ದರಾಜಣ್ಣ, ಕಸಿನ್ ಅನ್ನುವ ಪದ ಮನೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ, ಅಣ್ಣ ಅಂದರೆ ಅಣ್ಣ ಅಷ್ಟೇ, ಕಪಿಲೆಯಲ್ಲಿ ಈಜು ಕಲಿಸಿದವನು, ಎಸ್ಸೆಸ್ಸೆಲ್ಸಿಯಲ್ಲಿ ಬೆಳಗಿನ ಜಾವ ಎಬ್ಬಿಸಿ ಕೂರಿಸಿ, ಓದ್ಲಾ, ತೂಕಡಿಸಿದ್ರೆ ನೀರೆರಚ್ತೀನಿ ಎಂದು ತಾನೇ ಪಕ್ಕದಲ್ಲಿ ತೂಕಡಿಸಿದವನು, ಇಲ್ಲಿ ಕಟ್ಟಡದ ಕೆಲಸ, ಮುಹೈಸ್ನಾದ ಕೂಲಿಕಾರರ ಕ್ಯಾಂಪಿನಲ್ಲಿ ವಾಸ, ಒಂದಿನ ಬಾರ್ಲಾ, ಮುದ್ದೆ ಮಾಡಾಕ್ತೀನಿ ಎಂದು ಕರೆದಾಗಲೆಲ್ಲ ಬರ್ತೀನಿ ಅಣ್ಣ, ಈ ವಾರ ಕೆಲಸ ಜಾಸ್ತಿ ಎನ್ನುತ್ತಿದ್ದ ಆದರ್ಶ — ತಾನಿದ್ದ ಕರಾಮದಿಂದ ಅಲ್ಲಿಗೆ ಬಸ್ಸಿತ್ತು, ಮನಸ್ಸಿರಲಿಲ್ಲ. ಇವತ್ತು ಊಟದ ಹೊತ್ತಿಗಿಂತ ಮುಂಚೆ, ಈಗ ಹತ್ತು ನಿಮಿಷದ ಹಿಂದೆ, ಅವನೇ ಬಂದ. ಗಾಜಿನ ಬಾಗಿಲ ಹೊರಗೆ ಬೂಟು ಬಿಟ್ಟು ಬಂದ, ಆಫೀಸಿಗೆ ಯಾರಾದರೂ ಬೂಟು ಬಿಟ್ಟು ಬರುತ್ತಾರಾ, ಅಮೃತಶಿಲೆಯ ಮೇಲೆ ಕಾಲುಚೀಲದಲ್ಲಿ ನಿಂತು, ಏನ್ಲಾ ಆದಿ, ಎಷ್ಟ್ ತಣ್ಣಗದೆ ಒಳಗೆ, ರಾತ್ರಿ ವಿಮಾನ ಕಣ್ಲಾ, ವೀಸಾ ಖಲಾಸ್, ಇನ್ ಈ ಕಡೀಕೆ ಬರಾಕಿಲ್ಲ, ನಿನ್ ಮೊಕ ನೋಡ್ಕಂಡ್ ಹೋಗಾನ ಅಂತ ಬಂದೆ, — ಅಷ್ಟರಲ್ಲಿ ಕಿರ್ಸ್ತಿ ನೀರು ಹಿಡಿಯಲು ಲೋಟ ತಂದಳು, ಯಾರು ಇವರು, ನಿಮ್ಮ ಮನೆಯವರಾ, ಮೂಗು ನಿನ್ನದೇ ಇದ್ದ ಹಾಗಿದೆ. ನಮ್ಮ ಮನೆಯಲ್ಲಿ ಎಲ್ಲರೂ ಎಂಜಿನಿಯರು, ಪ್ರೊಫೆಸರು ಎಂದು ಅವಳ ಮುಂದೆ ಕೊಚ್ಚಿಕೊಂಡದ್ದು ಹೋದ ವಾರವಷ್ಟೇ. ಇಲ್ಲ ಇಲ್ಲ, ನೀರಿನ ಕ್ಯಾನಿನವನು ಎಂದ ಆದರ್ಶ, ಇಂಗ್ಲಿಷಿನಲ್ಲಿ, ಸರಾಗವಾಗಿ, ತಡವರಿಸದೆ, ಥೂ.

ಅಣ್ಣನಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಅಂದುಕೊಂಡನಾ ಅವನು, ಇಷ್ಟು ವರ್ಷ ಫೋರ್‌ಮನ್‌ಗಳ ಇಂಗ್ಲಿಷಿನಲ್ಲೇ ಬೈಸಿಕೊಂಡು ದುಡಿದವನಿಗೆ. ಅಣ್ಣ ಒಂದು ಗಳಿಗೆ ಇವನ ಮುಖ ನೋಡಿದ, ಸಿಟ್ಟಾದರೂ ಮಾಡಿಕೊಳ್ಳಬಾರದಾ, ಇಲ್ಲ, ಕಿರ್ಸ್ತಿಯ ಕಡೆ ತಿರುಗಿ, ಯೆಸ್ ಮೇಡಂ, ವಾಟರ್ ಎಂದ, ಮೂಲೆಯಲ್ಲಿದ್ದ ಖಾಲಿ ಕ್ಯಾನನ್ನು ಎತ್ತಿ ಹೆಗಲಿಗಿಟ್ಟುಕೊಂಡ, ಹೊರಟೇಹೋದ — ತಮ್ಮನ ಮರ್ಯಾದೆ ಉಳಿಸಿದ. ನೀಲಿ ಕ್ಯಾನು, ಹೆಗಲ ಮೇಲೆ. ವಾಕ್ಯ ಬರೆಯಬೇಕು, ಗೆರೆ ಮಿನುಗುತ್ತದೆ, ಅವರಿಬ್ಬರೂ ಬಹಳ ಹತ್ತಿರದವರು, ಅಳಿಸು, ನೀಲಿ ಕ್ಯಾನು, ರಾತ್ರಿ ವಿಮಾನ ನಿಲ್ದಾಣಕ್ಕೆ ಹೋದರಾಯಿತು, ಕ್ಷಮಿಸು ಅಣ್ಣ ಅಂದರಾಯಿತು, ಹೋಗುವುದಿಲ್ಲ ನೀನು, ಮುಹೈಸ್ನಾಕ್ಕೇ ಹೋಗದವನು. ಕಿಟಕಿಯ ಬಳಿ ಕಿರ್ಸ್ತಿ ಲೋಟ ಹಿಡಿದು ನಿಂತಿದ್ದಾಳೆ, ಪಾಪ ಕಣೋ ಆ ಮನುಷ್ಯ, ಅವನ ಗಾಡಿ ಇನ್ನೂ ಬಂದಿಲ್ಲ. ಎದ್ದ, ಹೇಗೆ ಎದ್ದನೋ, ಅವಳ ಪಕ್ಕ ನಿಂತು ಕೆಳಗೆ ನೋಡಿದ, ಒಂದೇ ಮಹಡಿ, ಮೆಟ್ಟಿಲಿಳಿದು ಅಣ್ಣಾ ಅಂದರೆ ಕೇಳಿಸುವಷ್ಟು ದೂರ, ಕಾಲು ಬರಲೊಲ್ಲದು, ಬಿಸಿಲು, ಟಾರು, ಬರುವ ಗಾಡಿ ಯಾವುದೂ ಇಲ್ಲ, ಬೂಟಿನ ದಾರ ಕಟ್ಟಬೇಕಾದರೆ ಕ್ಯಾನು ಕೆಳಗಿಡಬೇಕು, ಇಡುತ್ತಿಲ್ಲ ಅವನು, ಮೇಲಿಂದ ಯಾರಾದರೂ ನೋಡಿಯಾರು ಎಂದು ಇಡುತ್ತಿಲ್ಲ, ಒಂದು ಕೈಯಲ್ಲಿ ಬೂಟು, ಹೆಗಲ ಮೇಲೆ ಕ್ಯಾನು, ಕಾದ ಟಾರಿನ ಮೇಲೆ ಕಾಲುಚೀಲದಲ್ಲಿ ಒಂದು ಪಾದ ಎತ್ತುತ್ತಾನೆ, ಇಳಿಸುತ್ತಾನೆ, ಇನ್ನೊಂದು ಎತ್ತುತ್ತಾನೆ, ಇಳಿಸುತ್ತಾನೆ, ಕ್ಯಾನು ಇಳಿಸುವುದಿಲ್ಲ.